ಫ್ಲಾರೆನ್ಸಿನಲ್ಲಿ ನೋಡದ ನೆಲ

ಭಾನುವಾರ, ಬೆಳಗಿನ ಆರು ಗಂಟೆ. ಪಡಸಾಲೆಯಲ್ಲಿ ನಾನು, ನನ್ನ ಹೆಂಡತಿ. ನಿನ್ನೆ ನೆಲಕ್ಕೆ ಕಲ್ಲು ಹಾಸುವ ಫರಸಿ ಮೇಸ್ತ್ರಿಗೆ ಮಣ್ಣು ಕೊಟ್ಟು ಬಂದೆ. ಕಣ್ಣೆದುರು ಉಳಿದಿರುವುದು ಆತನ ಬಲಹೆಬ್ಬೆರಳಿನ ಉಗುರು: ಹಳದಿ, ಆಮೆಯ ಚಿಪ್ಪಿನಷ್ಟು ದಪ್ಪ.

ಈ ಪಡಸಾಲೆಗೆ ಕಲ್ಲು ಹಾಸಿದವನು ಆತನೇ. ಕಣ್ಣು ಮುಚ್ಚಿ ಎರಡು ಕಲ್ಲುಗಳ ನಡುವೆ ಉಗುರು ಎಳೆಯುತ್ತಿದ್ದ. "ಉಗುರು ತುಸು ತಡೀಬೇಕ್ರಿ. ಬ್ಯಾಸಗ್ಯಾಗ ಕಲ್ಲು ಹಿಗ್ಗತಾವ. ಜಾಗಾ ಬಿಡದಿದ್ರ ಒಂದನ್ನೊಂದು ಎಬ್ಬಸ್ತಾವ." ನಾನು ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು, ಆತ ಐದು ನಿಮಿಷ ತಡವಾಗಿ ಬಂದರೂ ಯಾಕೆಂದು ಕೇಳುತ್ತಿದ್ದೆ. "ಸಾಲಿ ಗಂಟಿ ಮನಿಗೂ ತಂದೀರೇನ್ರಿ ಸರ್?" ಎಂದು ನಗುತ್ತಿದ್ದ.

ನಾನು ಇಟಲಿ ಪ್ರವಾಸಕ್ಕೆ ಹೊರಟಾಗ ಆತನಿಗೆ ಗಬ್ಬೂರಿನ ಕಡೆ ಒಂದು ಕಲ್ಯಾಣ ಮಂಟಪದ ಕೆಲಸ ಬಂದಿತ್ತು. ಇಟಲಿಯಲ್ಲಿ ಇದ್ದಂತೆ ನೆಲದಲ್ಲಿ ಗೆರೆಯೇ ಕಾಣಬಾರದೆಂದು ಮಾಲೀಕನ ಹಟ. ಮೇಸ್ತ್ರಿ ಒಪ್ಪದೆ ನನ್ನಲ್ಲಿಗೆ ಬಂದ.

"ಅಲ್ಲಿ ದೊಡ್ಡ ಚರ್ಚಿನ್ಯಾಗ ಎಲ್ಲಾರೂ ಮ್ಯಾಲ ಗುಮ್ಮಟಾ ನೋಡ್ತಾರಂತ. ನೀವು ಒಂದೀಟು ಕೆಳಗ ನೋಡ್ರಿ, ಉಗುರು ಎಳೀರಿ. ಅಷ್ಟು ವರ್ಷ ಬಾಳಿದ ನೆಲಾ ಹೇಳಿದಂಗ ನಾ ಕೇಳ್ತೇನಿ."

ಫ್ಲಾರೆನ್ಸಿನ ದೊಡ್ಡ ಚರ್ಚಿನೊಳಗೆ ನಮಗಿದ್ದುದು ನಲವತ್ತು ನಿಮಿಷ. ಗುಂಪಿನ ಮುಖಂಡ ನಾನೇ. ಉಳಿದವರು ಗುಮ್ಮಟದ ಚಿತ್ರ ನೋಡುವಾಗ ನಾನು ಇಪ್ಪತ್ತೆರಡು ತಲೆಗಳನ್ನು ಮೂರು ಸಲ ಎಣಿಸಿದೆ. ನಾಲ್ಕು ನಿಮಿಷ ಮೊದಲೇ ಎಲ್ಲರನ್ನೂ ಹೊರಗೆ ತಂದೆ. ಅಕ್ಕಸಾಲಿಗರ ಅಂಗಡಿಗಳಿರುವ ಹಳೆಯ ಸೇತುವೆಯ ಮೇಲೆ ನಿಂತಾಗ ಮೇಸ್ತ್ರಿಯ ಮಾತು ನೆನಪಾಯಿತು. ಹಿಂದಿರುಗಲು ವೇಳಾಪಟ್ಟಿಯಲ್ಲಿ ಜಾಗವಿರಲಿಲ್ಲ.

ನಾನು ಊರಿಗೆ ಬಂದ ಮೂರನೆಯ ದಿನ ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ. "ಉಗುರು ತಡೀತೇನ್ರಿ?"

ಸುಳ್ಳು ಹೇಳಿದ ಹುಡುಗರನ್ನು ಮೈದಾನ ಸುತ್ತಿಸಿದವನು ನಾನು. ಆದರೂ ಮರೆತೆ ಎನ್ನಲಾಗಲಿಲ್ಲ. "ಇಲ್ಲ. ಕನ್ನಡಿ ಹಂಗೈತಿ."

ಆತ ತನ್ನ ಉಗುರನ್ನೇ ನೋಡುತ್ತ ಕುಳಿತ. "ಹಂಗಾರ ನಂದ ತಪ್ಪಿರಬೇಕು. ನೀವು ಕಣ್ಣಾರೆ ನೋಡೀರಿ."

ಮಂಟಪದ ಕಲ್ಲುಗಳನ್ನು ಒತ್ತೊತ್ತಾಗಿ ಹಾಸಿದ. ಎರಡನೆಯ ಬೇಸಿಗೆಗೆ ನೆಲ ಸಿಡಿದು ಮೇಲೆದ್ದಿತು. ಮಾಲೀಕ ತನ್ನ ಹಟದ ಸುದ್ದಿ ಎತ್ತಲಿಲ್ಲ. ಮೇಸ್ತ್ರಿಯ ಕೈ ಕೆಟ್ಟಿತೆಂದು ಊರಿಗೆಲ್ಲ ಹೇಳಿದ. ಮತ್ತೆ ಯಾರೂ ಆತನನ್ನು ಕರೆಯಲಿಲ್ಲ. ಅಮರಗೋಳದ ಒಂದು ಗೋದಾಮಿಗೆ ಕಾವಲು ಕುಳಿತ.

ನಿಜ ಹೇಳಿಬಿಡಬೇಕೆಂದು ಒಮ್ಮೆ ಅಲ್ಲಿಗೆ ಹೋದೆ. ಚಹಾ ತರಿಸಿದ. ನಾನು ಬಾಯಿ ತೆರೆಯುವ ಮೊದಲೇ ಕೇಳಿದ: "ಸರ್, ಆ ಊರಾಗ ಬ್ಯಾಸಗಿ ಇರೂದಿಲ್ಲೇನ್ರಿ?"

"ನಮ್ಮಷ್ಟು ಇಲ್ಲ," ಎಂದೆ. ಅದೂ ನನಗೆ ಗೊತ್ತಿರಲಿಲ್ಲ.

"ಅದಕ್ಕರಿ," ಎಂದ. ಬಹಳ ದಿನದ ಲೆಕ್ಕವೊಂದನ್ನು ಬಿಡಿಸಿದವನಂತೆ ಆತನ ಮುಖ ಹಗುರವಾಯಿತು. ನಾನು ಚಹಾ ಕುಡಿದು ಎದ್ದು ಬಂದೆ.

ಇವತ್ತು ಕೆಲಸದವಳಿಗೆ ಬರಬೇಡ ಎಂದಿದ್ದೆ. "ಈ ಮಣಕಾಲ ಬ್ಯಾನ್ಯಾಗ ಇದೆಲ್ಲಾ ನಿಮಗ್ಯಾಕ ಬೇಕಿತ್ತು?" ಎಂದಳು ಹೆಂಡತಿ. ನಾನು ಮೊಣಕಾಲೂರಿ ಪಡಸಾಲೆ ಒರೆಸತೊಡಗಿದೆ. ಒಂದೊಂದು ಸಂದಿಗೂ ಉಗುರು ಎಳೆದೆ. ಎಲ್ಲ ಕಡೆಯೂ ತುಸು ತಡೆಯಿತು. ಎಂಟೂವರೆಗೆ ಕೊನೆಯ ಕಲ್ಲು ಮುಗಿಸಿ, ಬಟ್ಟೆ ಹಿಂಡಿ ಒಣಹಾಕಿದೆ.