ಕಪ್ಪು ಚಕ್ರಗಳ ಕಂದು ಪುಡಿ

ಬಿಳಿ ಚಕ್ರ ಕೊಳೆಯನ್ನು ತೋರಿಸುತ್ತದೆ, ಕಪ್ಪು ಚಕ್ರ ನುಂಗಿಕೊಳ್ಳುತ್ತದೆ ಎಂದು ನಂಬಿ ಕಪ್ಪು ಚಕ್ರದ ಕಾರನ್ನೇ ಆರಿಸಿಕೊಂಡವಳು ನಾನು. ನೀವು ಹಾಗೆ ನಂಬಬೇಡಿ. ಶೆಟ್ಟಿಹಳ್ಳಿಯ ನಮ್ಮ ಮನೆಯಿಂದ ಬಟವಾಡಿಯ ಶಾಲೆಗೆ ಪಾಠ ಮಾಡಲು ಹೋಗಿ ಬರುವಷ್ಟರಲ್ಲಿ, ಆಟೊ ಅಡ್ಡ ಬಂದಾಗಲೆಲ್ಲ, ಸಿಟಿ ಬಸ್ಸು ತಟ್ಟನೆ ನಿಂತಾಗಲೆಲ್ಲ ತುಳಿದ ಬ್ರೇಕು ಸವೆದು, ವಾರ ತುಂಬುವುದರೊಳಗೆ ಮುಂದಿನ ಚಕ್ರಗಳ ಮೇಲೆ ನಯವಾದ ಕಂದು ಪುಡಿ ಹುರಿಹಿಟ್ಟು ಚೆಲ್ಲಿದಂತೆ ಕೂತಿರುತ್ತದೆ.

ಅದನ್ನು ತೊಳೆಯುವವರು ನಮ್ಮಪ್ಪ. ಕುಣಿಗಲ್ಲಿನಲ್ಲಿ ಬಾಡಿಗೆ ಕಾರು ಓಡಿಸಿ ನನ್ನನ್ನು ಓದಿಸಿದವರು; ಅಮ್ಮ ಹೋದ ಮೇಲೆ ನನ್ನ ಜೊತೆಗಿದ್ದಾರೆ. ಅವರ ಕಣ್ಣಿಗೆ ಈಗ ಬೆಳಕು ಯಾವುದು, ನೆರಳು ಯಾವುದು ಎಂಬುದಷ್ಟೇ ತಿಳಿಯುತ್ತದೆ. ಉಳಿದದ್ದನ್ನೆಲ್ಲ ಬೆರಳು ನೋಡುತ್ತದೆ. ಭಾನುವಾರ ಬೆಳಿಗ್ಗೆ, ಬಿಸಿಲೇರುವ ಮುಂಚೆ, ಮೋಟು ಸ್ಟೂಲು ಎಳೆದುಕೊಂಡು ಚಕ್ರದ ಮುಂದೆ ಕೂರುತ್ತಾರೆ. ಚಕ್ರ ತಣ್ಣಗಿದೆಯೇ ಎಂದು ಮುಟ್ಟಿ ನೋಡುತ್ತಾರೆ. ಒಣಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆಂದು ಮೊದಲು ನೀರು ಹೊಯ್ದು, ಆಮೇಲೆ ಶಾಂಪೂ ನೀರಲ್ಲಿ ಅದ್ದಿದ ಹಳೆಯ ಬನಿಯನ್ನಿನಿಂದ ಸಂದುಸಂದನ್ನೂ ಸವರುತ್ತಾರೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಹಾಗೇ ಆರಿದರೆ ಕಪ್ಪಿನ ಮೇಲೆ ಬಿಳಿ ಕಲೆ ನಿಲ್ಲುತ್ತದಲ್ಲ, ಅದಕ್ಕೇ ಕೂಡಲೇ ಪಂಚೆಯ ತುಂಡಿನಿಂದ ಒರೆಸಿಬಿಡುತ್ತಾರೆ.

ನಾನು ಲಂಗ ಹಾಕುತ್ತಿದ್ದ ಕಾಲದಲ್ಲೂ ಹೀಗೆಯೇ ಕೂರುತ್ತಿದ್ದರು. ನಾನು ಚೊಂಬಿನಲ್ಲಿ ನೀರು ಹೊಯ್ಯುತ್ತಿದ್ದೆ. ಆ ಹಳೆಯ ಕಾರಿನ ಸೀಟಿನ ರೆಕ್ಸಿನ್ ವಾಸನೆ, ಕನ್ನಡಿಗೆ ತೂಗುಬಿಟ್ಟ ಸೇವಂತಿಗೆ, ಕುಣಿಗಲ್ ಕೆರೆಯ ಕಡೆಯಿಂದ ಬರುವ ತಂಗಾಳಿ, ಎಲ್ಲವೂ ಇವತ್ತಿಗೂ ಶಾಂಪೂ ನೊರೆಯೊಂದಿಗೆ ಎದ್ದು ಬರುತ್ತವೆ. ನಾನು ಕಾಲೇಜು ಸೇರಿದ ವರ್ಷ ಆ ಕಾರನ್ನು ಮಾರಿಬಿಟ್ಟರು. "ಬಾಡಿಗೆ ಗಿಟ್ತಿಲ್ಲ ಕಣವ್ವ" ಎಂದಿದ್ದರು. ನಾನು ಅದನ್ನೇ ನಂಬಿಕೊಂಡು ಇಷ್ಟು ವರ್ಷ ಕಳೆದಿದ್ದೆ.

ಕಳೆದ ತಿಂಗಳ ಒಂದು ಭಾನುವಾರ, ಗುಬ್ಬಿಯಲ್ಲಿ ಗೆಳತಿಯ ಮನೆಯ ಗೃಹಪ್ರವೇಶಕ್ಕೆ ಹೊರಟಿದ್ದೆ. ಅಪ್ಪ ಎಡಗಡೆಯ ಮುಂದಿನ ಚಕ್ರದ ಮೇಲೆ ಬೆರಳಾಡಿಸಿ, ಬಲಗಡೆಯದನ್ನು ಮುಟ್ಟಿ, ಮತ್ತೆ ಎಡಕ್ಕೆ ಬಂದರು.

"ಇದ್ರಲ್ಲಿ ಅದರ ಮೂರರಷ್ಟು ಪುಡಿ ಐತೆ. ಬ್ರೇಕು ಹಿಡ್ಕಂಡದೆ. ಇವತ್ತು ಕಾರ್ ತಗೀಬ್ಯಾಡ ಬುಡು, ಬಸ್ಸಲ್ಲಿ ಹೋಗು."

ರೇಷ್ಮೆ ಸೀರೆಯುಟ್ಟು ಬಸ್ಸೇ? "ಹೋದ ತಿಂಗಳು ತಾನೆ ಸರ್ವಿಸ್ ಆಗಿದೆ ಅಪ್ಪ. ನಿಂಗೆ ಕಣ್ಣು ಕಾಣಲ್ಲ, ಸುಮ್ನೆ ಏನಾದ್ರೂ ಹೇಳ್ಬೇಡ" ಎಂದುಬಿಟ್ಟೆ. ಆ ಮಾತು ಬಾಯಿಂದ ಬಿದ್ದದ್ದು ನನಗೇ ಕೇಳಿಸಿತು. ಅಪ್ಪ ಪಂಚೆಯ ತುಂಡನ್ನು ಹಿಂಡಿ, ಮಡಿಸಿ, ಒಳಗೆ ಹೋದರು.

ಗುಬ್ಬಿಗೆ ಇನ್ನೂ ಅರ್ಧ ದಾರಿಯಿರುವಾಗಲೇ ಕಾರು ಎಡಕ್ಕೆ ಎಳೆಯತೊಡಗಿತು. ಸ್ಟೇರಿಂಗನ್ನು ಬಿಗಿಹಿಡಿದೆ. ಏನೋ ಸೀದ ವಾಸನೆ ಬಂತು, ಹಿಂದೆಯೇ ಚಕ್ರದಿಂದ ತೆಳ್ಳಗೆ ಹೊಗೆ. ಹೇಗೋ ಒಂದು ತೆಂಗಿನ ತೋಟದ ಬದಿಗೆ ತಂದು ನಿಲ್ಲಿಸಿದೆ. ಹಿಂದೆ ಬರುತ್ತಿದ್ದ ಲಾರಿ ಹಾರನ್ ಬಾರಿಸುತ್ತ ಪಕ್ಕದಲ್ಲೇ ಸರಿದುಹೋಯಿತು. ಮೆಕ್ಯಾನಿಕ್ ಬಂದು ಚಕ್ರ ಬಿಚ್ಚಿ, "ಬ್ರೇಕ್ ಜಾಮ್ ಆಗೈತೆ ಮೇಡಂ. ಇನ್ನೊಂದಷ್ಟು ದೂರ ಓಡಿಸಿದ್ರೆ ಕಷ್ಟ ಇತ್ತು" ಎಂದ.

ಸಂಜೆ ಮನೆಗೆ ಬಂದಾಗ ಅಪ್ಪ ಜಗುಲಿಯಲ್ಲಿದ್ದರು. ನಡೆದದ್ದನ್ನು ಹೇಳಿದೆ. ಅವರು ನನ್ನ ಕೈ, ಭುಜ ಎಲ್ಲವನ್ನೂ ತಡವಿ ನೋಡಿ, "ಏನೂ ಆಗ್ಲಿಲ್ವಲ್ಲ?" ಎಂದರು. ನನಗೆ ಅಳು ಬಂತು.

"ನನ್ ಮಾತು ತಪ್ಪಾಯ್ತಪ್ಪ."

"ನಿಮ್ಮವ್ವನೂ ನಂಗೆ ಹೇಳ್ತಿದ್ಲು, ಕಣ್ಣು ಮಂಜಾಗೈತೆ, ಕಾರ್ ಬುಟ್ಬುಡು ಅಂತ. ನಾನ್ ಕೇಳ್ದೆನಾ? ಒಂದ್ಸಲ ಕೊತ್ತಗೆರೆ ದಾರೀಲಿ, ಯಾರೋ 'ಅಯ್ಯೋ' ಅಂತ ಕೂಗ್ದಾಗ್ಲೇ ಎದುರ್ಗೆ ಒಬ್ಬ ಆಳು ಅವ್ನೆ ಅಂತ ಗೊತ್ತಾಗಿದ್ದು. ಗೇಣಷ್ಟು ದೂರದಲ್ಲಿ ನಿಲ್ತು. ಅವತ್ತೇ ಕಾರ್ ಮಾರಕ್ಕೆ ಅಂತ ಬೀಗದ ಕೈ ಕೊಟ್ಬುಟ್ಟೆ."

"ಬಾಡಿಗೆ ಗಿಟ್ತಿಲ್ಲ ಅಂದಿದ್ಯಲ್ಲ?"

"ಮಗಳ ಮುಂದೆ ಕಣ್ ಹೋಯ್ತು ಅಂತ ಹೆಂಗವ್ವ ಹೇಳದು?"

ಗೆಳೆಯರೇ, ನಮ್ಮ ತಂದೆತಾಯಂದಿರು ಬದುಕಿನಲ್ಲಿ ಎಲ್ಲೆಲ್ಲಿ ಗಕ್ಕನೆ ಬ್ರೇಕು ತುಳಿದರೋ ನಮಗೆ ಗೊತ್ತಿಲ್ಲ. ಆ ಸವೆತದ ಪುಡಿಯನ್ನು ನಾವೇಳುವ ಮುಂಚೆಯೇ ಅವರು ತೊಳೆದುಬಿಟ್ಟಿರುತ್ತಾರೆ.

ರಿಪೇರಿಯಾದ ಮೇಲಿನ ಭಾನುವಾರ ತಪ್ಪಿಹೋದ ಊಟಕ್ಕೆ ಗೆಳತಿ ಮತ್ತೆ ಕರೆದಿದ್ದಳು. ಅಪ್ಪನನ್ನೂ ಹೊರಡಿಸಿ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡೆ. ಊರು ದಾಟುವತನಕ ಅವರ ಬಲಗಾಲು, ಅಲ್ಲಿಲ್ಲದ ಬ್ರೇಕನ್ನು ಪ್ರತಿ ರಸ್ತೆ ಉಬ್ಬಿಗೂ ತುಳಿಯುತ್ತಲೇ ಇತ್ತು. ನಾನು ನೋಡಿಯೂ ನೋಡದಂತೆ ಮೆಲ್ಲಗೆ ಓಡಿಸಿದೆ. ತೋಟಗಳ ಸಾಲು ಶುರುವಾದಾಗ ಆ ಕಾಲು ನಿಧಾನವಾಯಿತು. ಗುಬ್ಬಿ ಹತ್ತಿರವಾದಾಗ ತಿರುಗಿ ನೋಡಿದರೆ, ಅಪ್ಪ ಎರಡೂ ಕಾಲು ಚಾಚಿ, ಬಾಯಿ ತುಸು ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.