ಮಿಲ್ಲು ಕೂಗದ ಬೆಳಗ್ಗೆ

ಅಲ್ಲ ಕಣೇ, ನಾಳೆಯ ಕಾರ್ಮಿಕರ ದಿನದ ರಜೆಯನ್ನು ಯಾರೋ ದೊಡ್ಡವರು ಕುರ್ಚಿಯಲ್ಲಿ ಕೂತು ದಯಪಾಲಿಸಿದರು ಅಂತ ನಿನ್ನ ಪುಸ್ತಕದಲ್ಲಿದ್ದರೆ ಇರಲಿ ಬಿಡು. ನಮ್ಮೂರಿಗೆ ಅದು ಬಂದದ್ದು ನನ್ನ ಅಣ್ಣನಿಂದ. ಕಾಲು ಚಾಚಿ ಕೂತುಕೋ.

ಊರಿಗೆಲ್ಲ ಅವನು ಕೂಗಣ್ಣ. ನೂಲಿನ ಮಿಲ್ಲಿನ ಬಾಯ್ಲರ್ ಮನೆಯಲ್ಲಿ ಕೆಲಸ. ನಾಲ್ಕಕ್ಕೆ ಎದ್ದು ಕಲ್ಲಿದ್ದಲು ಹಾಕಿ, ಹಬೆ ಏರಿಸಿ, ಐದೂವರೆಗೆ ಸೀಟಿಯ ತಂತಿ ಎಳೆದರೆ ಮಿಲ್ಲು ಕೂಗಬೇಕು, ಊರು ಏಳಬೇಕು. ಯಾರ ಮನೆಯಲ್ಲಿ ಗಡಿಯಾರವಿತ್ತು ಆಗ? ಆದರೆ ಊರು ಓಡಾಡುವಾಗ ಇವನು ಒಳಗೆ, ಊರು ಹರಟುವಾಗ ಇವನಿಗೆ ನಿದ್ದೆ. ಎಲ್ಲರನ್ನೂ ಎಬ್ಬಿಸುವವನ ಮುಖವೇ ಯಾರಿಗೂ ಗೊತ್ತಿಲ್ಲ. ಹೆಣ್ಣು ನೋಡಲು ಹೋದರೆ ಹುಡುಗಿಯ ಅಪ್ಪ, “ದಿನಾ ನಮ್ಮ ನಿದ್ದೆ ಕೆಡಿಸೋ ಪುಣ್ಯಾತ್ಮ ನೀನೇನಾ?” ಎಂದು ನಕ್ಕು ಸಾಗಹಾಕಿದ.

ಹನ್ನೆರಡು ಗಂಟೆಯ ದುಡಿತ ಆಗ. ವರ್ಷಕ್ಕೊಂದು ದಿನವಾದರೂ ದುಡಿಯುವವರ ದಿನ ಅಂತ ಇರಲಿ ಎಂದು ಕೇಳಿ ಕೇಳಿ ಎಲ್ಲರ ಬಾಯಿ ಒಣಗಿತ್ತು. ಒಂದು ಸಂಜೆ, ಮಿಲ್ಲಿನಲ್ಲಿ ನೂಲು ಸುತ್ತುತ್ತಿದ್ದ, ಎಲ್ಲರೂ ಅಕ್ಕ ಅನ್ನುತ್ತಿದ್ದ ಒಬ್ಬಳು ಬಾಯ್ಲರ್ ಮನೆಗೆ ಬಂದಳು. ಅವಳ ನಾಲಿಗೆಗೆ ಮೇಸ್ತ್ರಿಯೂ ಹೆದರುತ್ತಿದ್ದ.

“ನಾಳೆ ಕೂಗಿಸಬೇಡ ಕಣೋ. ಆರಕ್ಕೆ ಎಲ್ಲ ಗೇಟಿಗೆ ಬರ್ತೀವಿ, ಒಳಗೆ ಒಬ್ಬರೂ ಹೋಗಲ್ಲ.”

“ನನ್ನ ಕೆಲಸ ಹೋಗುತ್ತಲ್ಲಕ್ಕ.”

“ಎಂಟುನೂರು ಜನ ನಿನ್ನ ಪಕ್ಕ ನಿಂತಿರ್ತೀವಿ. ಒಬ್ಬನೇ ಅಂದ್ಕೊಂಡ್ಯಾ?”

ಆ ಒಂದು ಮಾತಿಗೆ ಅವನು ಕರಗಿಹೋದ. ಅವನ ಪಕ್ಕ ಯಾರು ನಿಂತಿದ್ದರು ಅಲ್ಲಿಯವರೆಗೆ?

ಬೆಳಗ್ಗೆ ತಂತಿ ಮುಟ್ಟಲಿಲ್ಲ. ರಜೆ ಬೇಕೆಂದು ಬರೆದ ಉದ್ದನೆಯ ಬಟ್ಟೆ ಹಿಡಿದು ಗೇಟಿಗೆ ಬಂದ. ಅದಕ್ಕೆ ಎರಡು ಕೋಲು, ಹಿಡಿಯಲು ಇಬ್ಬರು ಬೇಕು. ಆರಾಯಿತು, ಆರೂವರೆಯಾಯಿತು, ಒಂದು ನರಪಿಳ್ಳೆಯಿಲ್ಲ. ಆಗ ಹೊಳೆಯಿತು ಅವನಿಗೆ: ಕೂಗದೆ ಊರು ಎದ್ದೇ ಇಲ್ಲ! ಒಂದು ಕೋಲನ್ನು ಗೇಟಿಗೆ ಕಟ್ಟಿ, ಇನ್ನೊಂದನ್ನು ಹಿಡಿದು ನಿಂತ.

ಮ್ಯಾನೇಜರು ಬಂದ. “ಜನ ಎಲ್ಲಯ್ಯ?”

ತಂತಿ ಇಪ್ಪತ್ತು ಹೆಜ್ಜೆ ದೂರ. ಎಳೆದರೆ ಎಲ್ಲ ಓಡಿಬರುತ್ತಾರೆ, ಕೆಲಸವೂ ಉಳಿಯುತ್ತದೆ. ಆದರೆ ಅರೆನಿದ್ದೆಯಲ್ಲಿ ಎದ್ದವರು, ಅಭ್ಯಾಸದ ಮೇಲೆ ನೆಟ್ಟಗೆ ಒಳಗೇ ನುಗ್ಗಿಬಿಟ್ಟರೆ?

“ಬರಲ್ಲ ಸಾರ್. ಇವತ್ತು ನಮ್ಮ ರಜೆ.”

“ನಮ್ಮ ಅಂದ್ರೆ? ನೀನೊಬ್ಬನೇ ಕಾಣ್ತೀಯ!”

“ಮಿಕ್ಕವರು ಮನೇಲಿ ರಜೆ ಮಾಡ್ತಿದ್ದಾರೆ ಸಾರ್.”

ಅಲ್ಲೇ ಕೆಲಸದಿಂದ ಕಿತ್ತುಹಾಕಿದ. ಎಂಟಕ್ಕೆ ಅಕ್ಕ ಒಂದೇ ಚಪ್ಪಲಿಯಲ್ಲಿ ಓಡಿಬಂದಳು. “ಅಯ್ಯೋ, ನಿದ್ದೆ ಹೊಡೆದುಬಿಟ್ವಲ್ಲೋ!”

“ಕೂಗಿಸಬೇಡ ಅಂದವಳು ನೀನೇ ತಾನೇ?” ಅಂದ. ನಗಲಿಲ್ಲ.

ಎಂಟುನೂರು ಜನ ಮನೆಯಿಂದ ತಲೆಯೂ ಹೊರಗೆ ಹಾಕಲಿಲ್ಲ, ಎಂಥ ಒಗ್ಗಟ್ಟು ಎಂದು ಮಾಲೀಕರು ಬೆದರಿದರು. ರಜೆ ಕೊಡುತ್ತೇವೆ, ಆ ಬಾಯ್ಲರಿನವನು ಮಾತ್ರ ಬೇಡ ಅಂದರು. ಎಲ್ಲ ತಲೆ ತಗ್ಗಿಸಿ ಒಪ್ಪಿಕೊಂಡರು. ಮುಂದಿನ ವರ್ಷ ವೇದಿಕೆ ಹತ್ತಿದವರೆಲ್ಲ “ಅಂದು ನಾವು ಗೇಟಿನಲ್ಲಿ ನಿಂತೆವು” ಎಂದು ಎದೆ ತಟ್ಟಿಕೊಂಡರು. ಅಣ್ಣ ಕೊನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ ಬಂದ. ಆಮೇಲೆ ಊರ ನಲ್ಲಿಗಳನ್ನು ರಿಪೇರಿ ಮಾಡಿಕೊಂಡೇ ಮುದುಕನಾದ.

ನಾಳೆ ಊರೆಲ್ಲ ಎಂಟರವರೆಗೆ ಹೊದ್ದು ಮಲಗುತ್ತದೆ. ಅವನು ನಾಲ್ಕಕ್ಕೇ ಎದ್ದು, ಗಡ್ಡ ಹೆರೆದುಕೊಂಡು, ಬೀದಿ ನೋಡುತ್ತ ಕೂರುತ್ತಾನೆ. ಊಟಕ್ಕೆ ಬಾ ಅಂದರೆ ಬರುವ ಪ್ರಾಣಿಯಲ್ಲ. ನೀನು ಬೆಳಗ್ಗೆ ಬೇಗ ಎದ್ದು ಹೋಗಿ, ಬಚ್ಚಲ ನಲ್ಲಿ ಸೋರುತ್ತಿದೆ, ಅಜ್ಜಿ ಕರೆಯುತ್ತಿದ್ದಾಳೆ ಅಂತ ಹೇಳು. ಹೋಗುವ ಮುಂಚೆ ಅದನ್ನು ಒಂಚೂರು ಸಡಿಲ ಮಾಡಿಯೇ ಹೋಗೇ ತಾಯಿ.