ಐದರಿಂದ ಏಳರವರೆಗೆ ಗಣಿತ

ಮದುವೆಯಾಗಿ ಮೊಳಕಾಲ್ಮೂರಿಗೆ ಬಂದಾಗ ನಾನು ಎಸ್ಸೆಸ್ಸೆಲ್ಸಿ ಪಾಸಾದವಳೆಂದು ಗಂಡನ ಮನೆಯವರೆಲ್ಲ ನಂಬಿದ್ದರು. ಹೆಣ್ಣು ನೋಡಲು ಬಂದವರ ಮುಂದೆ ನಮ್ಮಪ್ಪ ಹಾಗೆಂದು ಹೇಳಿಬಿಟ್ಟಿದ್ದರು. ನಿಜವೆಂದರೆ ಚಳ್ಳಕೆರೆಯ ಹೈಸ್ಕೂಲಿನಲ್ಲಿ ಓದಿದ ನಾನು ಗಣಿತದಲ್ಲಿ ಮೂವತ್ತೊಂದು ತೆಗೆದು ಫೇಲಾಗಿದ್ದೆ. ಪಾಸಾಗಲು ನಾಲ್ಕೇ ಅಂಕ ಕಮ್ಮಿ. ಅದನ್ನು ಏಳು ವರ್ಷ ಯಾರಿಗೂ ಹೇಳಲಿಲ್ಲ.

ಮಗಳನ್ನು ಶಾಲೆಗೆ ಸೇರಿಸಿದ ದಿನ ಅರ್ಜಿಯಲ್ಲಿ ತಾಯಿಯ ವಿದ್ಯಾಭ್ಯಾಸ ಎಂದಿದ್ದ ಕಡೆ ಗಂಡ ಎಸ್ಸೆಸ್ಸೆಲ್ಸಿ ಎಂದು ದುಂಡಗೆ ಬರೆದರು. ಅದರ ಕೆಳಗೆ ನಾನು ಸಹಿ ಹಾಕಿದೆ. ಆವತ್ತೇ ಮತ್ತೆ ಪರೀಕ್ಷೆ ಕಟ್ಟಬೇಕೆಂದು ತೀರ್ಮಾನಿಸಿದೆ.

ತೀರ್ಮಾನವೇನೋ ಆಯಿತು, ಹೊತ್ತೆಲ್ಲಿತ್ತು? ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಗಂಡ ಮಗ್ಗಕ್ಕೆ ಕೂತರೆ ಅವರ ಲಾಳಿಯೊಳಗೆ ಕೂರುವ ಪುಟ್ಟ ಕೊಳವೆಗಳಿಗೆ, ಅಂದರೆ ಕಂಡಿಕೆಗಳಿಗೆ, ರಾಟೆಯಲ್ಲಿ ನೂಲು ಸುತ್ತಿಕೊಡುವುದು ನನ್ನ ಕೆಲಸ. ಕಂಡಿಕೆ ತಡವಾದರೆ ಮಗ್ಗ ನಿಲ್ಲುತ್ತದೆ. ಜರಿಯ ರಟ್ಟಿನ ಡಬ್ಬಿಯೊಳಗೆ ಸೂತ್ರಗಳನ್ನು ಬರೆದಿಟ್ಟುಕೊಂಡು, ರಾಟೆ ತಿರುಗಿಸುತ್ತಲೇ ಬಾಯಿಪಾಠ ಮಾಡುತ್ತಿದ್ದೆ. ಯಾರಾದರೂ ಬಂದರೆ ಮುಚ್ಚಳ ಹಾಕುತ್ತಿದ್ದೆ. ಹೀಗೆ ಒಂದು ವರ್ಷ ಕಳೆಯಿತು. ಸೂತ್ರಗಳೇನೋ ಬಾಯಿಗೆ ಬಂದವು, ಒಂದು ಲೆಕ್ಕವೂ ಬರಲಿಲ್ಲ.

ಆಗ ನಮ್ಮತ್ತೆ ಒಂದು ಕೆಲಸ ಮಾಡಿದರು. ಪಕ್ಕದ ಮನೆಯ ಹುಡುಗಿ ಹತ್ತನೇ ತರಗತಿಯಲ್ಲಿದ್ದಳು, ಗಣಿತದಲ್ಲಿ ಹಿಂದೆ. ನಮ್ಮ ಸೊಸೆ ಪಾಸಾದವಳು, ಅವಳೇ ಹೇಳಿಕೊಡುತ್ತಾಳೆ ಎಂದು ಹುಡುಗಿಯ ತಾಯಿಗೆ ಮಾತು ಕೊಟ್ಟು ಬಂದರು. ಸಂಜೆ ಹುಡುಗಿ ಪುಸ್ತಕ ಹಿಡಿದು ಬಂದೇಬಿಟ್ಟಳು. ವರ್ಗ ಸಮೀಕರಣದ ಪುಟ ತೆಗೆದು ನನ್ನ ಮುಂದಿಟ್ಟಳು. ನಾನು ಪುಸ್ತಕ ನೋಡಿದೆ, ಅವಳನ್ನು ನೋಡಿದೆ, ನಾಳೆ ಬಾ ಎಂದು ಕಳಿಸಿದೆ. ಆಮೇಲೆ ಅಡುಗೆಮನೆಯಲ್ಲಿ ಅತ್ತೆಯ ಮುಂದೆ ಕೂತು ಎಲ್ಲವನ್ನೂ ಹೇಳಿದೆ.

ಸಿಟ್ಟು ಬಂದರೆ ಅತ್ತೆ ಕನ್ನಡ ಬಿಟ್ಟು ತೆಲುಗಿಗೆ ತಿರುಗುವವರು. ಆವತ್ತು ಎರಡರಲ್ಲೂ ಮಾತಾಡಲಿಲ್ಲ. ಮಾರನೆಯ ದಿನವೂ ಇಲ್ಲ. ಗಂಡನಿಗೂ ವಿಷಯ ತಿಳಿಯಿತು. ಅವರು ತಲೆ ತಗ್ಗಿಸಿ ನೇಯುತ್ತಲೇ ಇದ್ದರು. ಮೂರನೆಯ ಬೆಳಿಗ್ಗೆ ಅತ್ತೆ ಬಂದು ನನ್ನ ರಾಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ಸುಳ್ಳು ಹೇಳಿದ್ದು ನಿಮ್ಮಪ್ಪ. ಅದನ್ನ ನಿಜ ಮಾಡೋದು ನಿನ್ನ ಕೈಯಾಗೈತೆ ಅಮ್ಮಾಯಿ. ಎಷ್ಟು ಹೊತ್ತು ಬೇಕು ಹೇಳು."

ನಾನು ಅರ್ಧ ಗಂಟೆ ಎಂದೆ. ಅವರು ಬೆಳಿಗ್ಗೆ ಐದರಿಂದ ಏಳು ಎಂದು ತಾವೇ ಗೊತ್ತುಮಾಡಿದರು.

ಒಂದು ವರ್ಷ ನಿಮಿಷ ನಿಮಿಷ ಕದ್ದವಳಿಗೆ ಇಡೀ ಎರಡು ಗಂಟೆ! ಮೊದಲ ದಿನ ಖುಷಿಗೆ ಏನೂ ಓದಲಾಗಲಿಲ್ಲ. ಪೆನ್ಸಿಲ್ ಚೂಪು ಮಾಡುತ್ತ ಕೂತಿದ್ದೆ. ಪಕ್ಕದ ಹುಡುಗಿಗೂ ನಿಜ ಹೇಳಿದೆ. ಅವಳು ನಕ್ಕು, ಟ್ಯೂಷನ್‌ಗೆ ಸೇರಿ, ಅಲ್ಲಿ ಕಲಿತದ್ದನ್ನು ಬೆಳಿಗ್ಗೆ ಬಂದು ನನಗೆ ಹೇಳಿಕೊಡತೊಡಗಿದಳು. ನನಗೆ ಹೇಳುತ್ತ ಹೇಳುತ್ತ ಅವಳಿಗೂ ಪಾಠ ಗಟ್ಟಿಯಾಯಿತು.

ಎಲ್ಲ ಸಲೀಸಾಗಿ ನಡೆಯಲಿಲ್ಲ. ಅತ್ತೆ ಸುತ್ತಿದ ಕಂಡಿಕೆ ಸಡಿಲವಾಗಿ ನೂಲು ತುಂಡಾಗುತ್ತಿತ್ತು. ಮದುವೆಯ ಕಾಲ ಬೇರೆ, ಸೀರೆಗೆ ಅವಸರ. ಗಂಡ ಬೇಸರದಿಂದ, ಈ ವರ್ಷ ಬಿಟ್ಟು ಮುಂದಿನ ವರ್ಷ ಬರಿ ಎಂದರು. ಈಗ ಬಿಟ್ಟರೆ ಇನ್ನು ಆಗೋದಿಲ್ಲ ಎಂದೆ. ಅವರಿಗೆ ಬೇಕಾದಷ್ಟು ಕಂಡಿಕೆಯನ್ನು ಮಧ್ಯಾಹ್ನದ ನಿದ್ದೆ ಬಿಟ್ಟು ನಾನೇ ಮೊದಲೇ ಸುತ್ತಿಟ್ಟೆ. ಮಗಳಿಗೆ ಜ್ವರ ಬಂದಾಗ ಹತ್ತು ದಿನ ಪುಸ್ತಕ ಮುಟ್ಟಲಿಲ್ಲ. ಹನ್ನೊಂದನೆಯ ದಿನ ಅತ್ತೆ ಐದಕ್ಕೆ ಸರಿಯಾಗಿ ನನ್ನ ಹೊದಿಕೆ ಎಳೆದರು.

ಒಂದು ಬೆಳಿಗ್ಗೆ, ಯಾರ ಸಹಾಯವೂ ಇಲ್ಲದೆ, ಒಂದು ವರ್ಗ ಸಮೀಕರಣ ಬಿಡಿಸಿದೆ. ಉತ್ತರವನ್ನು ಪುಸ್ತಕದ ಹಿಂದಿನ ಪುಟದಲ್ಲಿ ನೋಡಿದರೆ ಅದೇ! ಇನ್ನೊಂದು ಮಾಡಿದೆ, ಅದೂ ಸರಿ. ಮೂರನೆಯದೂ ಬಂದಾಗ ಬಂತು ಬಂತು ಎಂದು ಕೂಗಿದೆನಂತೆ. ಮಗ್ಗದ ಸದ್ದು ನಿಂತಿತು. ಗಂಡ ಬಾಗಿಲಿಗೆ ಬಂದು ಹಾಳೆ ಇಸಿದುಕೊಂಡು ತುಂಬ ಹೊತ್ತು ನೋಡಿದರು. ಅವರಿಗೆ ಅದರಲ್ಲಿ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಆವತ್ತಿನಿಂದ ಅವರು ಮುಂದಿನ ವರ್ಷದ ಮಾತೆತ್ತಲಿಲ್ಲ.

ನಾನು ಓದಿದ ಶಾಲೆಯಿಂದಲೇ ಕಟ್ಟಿದ್ದರಿಂದ ಪರೀಕ್ಷೆ ಚಳ್ಳಕೆರೆಯಲ್ಲಿ. ಮೊದಲ ಬಸ್ಸಿಗೇ ಹೊರಟೆವು, ಗಂಡನೂ ಜೊತೆಗೆ ಬಂದರು. ಸೀರೆ ಉಟ್ಟು ಕೊಠಡಿಯ ಬಾಗಿಲಿಗೆ ಹೋದಾಗ ಅಲ್ಲಿದ್ದ ಮೇಷ್ಟ್ರು ಪೋಷಕರು ಗೇಟಿನ ಹೊರಗಿರಬೇಕೆಂದು ಸೂಚಿಸಿದರು. ನಾನು ಹಾಲ್ ಟಿಕೆಟ್ ಎತ್ತಿ ಹಿಡಿದೆ. "ಬರೆಯೋಳು ನಾನೇ ಸರ್" ಎಂದೆ. ಮಕ್ಕಳೆಲ್ಲ ತಿರುಗಿ ನೋಡಿದರು. ನಾಚಿಕೆಯಾಗಬೇಕಿತ್ತು; ನನಗೋ ನಗು ತಡೆಯಲಾಗಲಿಲ್ಲ.

ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಮೊದಲು ವರ್ಗ ಸಮೀಕರಣವನ್ನೇ ಹುಡುಕಿದೆ. ಮೂರು ಲೆಕ್ಕ ಬಿಟ್ಟು ಉಳಿದದ್ದೆಲ್ಲ ಬರೆದೆ. ಕೈ ನೋಯುತ್ತಿದ್ದರೂ ಗಂಟೆ ಬಾರಿಸುವವರೆಗೆ ಎದ್ದೇಳಲಿಲ್ಲ.

ಫಲಿತಾಂಶದ ದಿನ ಮತ್ತೆ ಚಳ್ಳಕೆರೆಗೆ ಹೋದೆವು. ಶಾಲೆಯ ನೋಟಿಸ್ ಬೋರ್ಡಿನ ಮುಂದೆ ಗುಂಪೋ ಗುಂಪು. ಹುಡುಗರ ತೋಳಿನ ಕೆಳಗೆ ನುಸುಳಿ ಹೋಗಿ ನನ್ನ ನಂಬರು ಹುಡುಕಿದೆ. ಐವತ್ತೆರಡು. ನಂಬಲಾಗದೆ ಮತ್ತೆ ಬೆರಳಿಟ್ಟು ನೋಡಿದೆ. ಪಕ್ಕದ ಮನೆಯ ಹುಡುಗಿ ಅರವತ್ತೆಂಟು ತೆಗೆದಿದ್ದಾಳೆಂದು ನಮಗೆ ಗೊತ್ತಾದದ್ದು ಊರಿಗೆ ಮರಳಿದ ಮೇಲೆ.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಗಂಡ ಎರಡು ಮಸಾಲೆ ದೋಸೆ ಹೇಳಿದರು. ತಿನ್ನುತ್ತ ತಿನ್ನುತ್ತ, ಎಂದೂ ಹೆಚ್ಚು ಮಾತಾಡದ ಮನುಷ್ಯ ಕೇಳಿದರು:

"ಪಿಯುಸಿಗೂ ಬೆಳಿಗ್ಗೆ ಐದೇನಾ, ಇಲ್ಲ ಇನ್ನೂ ಬೇಗ ಏಳ್ಬೇಕಾಗ್ತೈತಾ?"